ಎವೊರಾ ಪುರಸಭೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪೋರ್ಚುಗಲ್‌ಗೆ ಹೋಗುವ ನಮ್ಮವರು ಲಿಸ್ಬನ್ ನೋಡುತ್ತಾರೆ, ಪೋರ್ತೊ ನೋಡುತ್ತಾರೆ. ಸಮಯ ಉಳಿದರೆ ಎವೊರಾಕ್ಕೆ ಬೆಳಿಗ್ಗೆ ಬಂದು, ಕೋಟೆಯೊಳಗೆ ಒಂದು ಸುತ್ತು ಹಾಕಿ, ಸಂಜೆ ಬಸ್ಸಿಗೆ ವಾಪಸ್ ಹೊರಡುತ್ತಾರೆ. ಹಾಗೆ ಬಂದು ಹೋದವರು ನೋಡಿದ್ದು ಎವೊರಾದ ಒಂದು ಮೂಲೆ ಮಾತ್ರ. ಕೋಟೆಯ ಆಚೆ ಇರುವ ಬಯಲು, ಹಳ್ಳಿ, ಕಾರ್ಕ್ ಮರಗಳ ತೋಪು, ಏಳು ಸಾವಿರ ವರ್ಷದಷ್ಟು ಹಳೆಯ ಕಲ್ಲುಗಳು, ಇವೂ ಇದೇ ಪುರಸಭೆಯ ಭಾಗ. ಜನ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ.

ಎವೊರಾ ಎಲ್ಲಿದೆ?

ಪೋರ್ಚುಗಲ್‌ನ ದಕ್ಷಿಣ ಭಾಗದಲ್ಲಿ, ಅಲೆಂತೇಜು ಎಂಬ ಪ್ರದೇಶದಲ್ಲಿದೆ. ಲಿಸ್ಬನ್‌ನಿಂದ ಪೂರ್ವಕ್ಕೆ ಸುಮಾರು 130 ಕಿ.ಮೀ. ಸ್ಪೇನ್ ಗಡಿ ಕಡೆಗೆ ಹೋಗುವ ಎ6 ಹೆದ್ದಾರಿ ಇದೇ ದಾರಿಯಲ್ಲಿ ಹಾದುಹೋಗುತ್ತದೆ. ಉತ್ತರಕ್ಕೆ ಅರೈಯೊಲೊಸ್, ಪಶ್ಚಿಮಕ್ಕೆ ಮೊಂತೆಮೋರ್-ಉ-ನೊವು, ದಕ್ಷಿಣಕ್ಕೆ ಪೊರ್ತೆಲ್, ಪೂರ್ವಕ್ಕೆ ರೆದೊಂದು. ಇವು ನೆರೆಯ ಪುರಸಭೆಗಳು. ಅರೈಯೊಲೊಸ್ ಹೆಸರನ್ನು ನೆನಪಿಟ್ಟುಕೊಳ್ಳಿ. ಉಣ್ಣೆಯಲ್ಲಿ ಕೈಯಿಂದ ಕಸೂತಿ ಹಾಕುವ ಅಲ್ಲಿನ ಜಮಖಾನೆಗಳು ದೇಶದಲ್ಲೆಲ್ಲ ಹೆಸರುವಾಸಿ.

ಎವೊರಾ ನಗರ ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಎತ್ತರದ ಗುಡ್ಡದ ಮೇಲಿದೆ. ಸುತ್ತ ಬಯಲು ಇರುವುದರಿಂದ ಕ್ಯಾಥೆಡ್ರಲ್‌ನ ಗೋಪುರ ದೂರದಿಂದಲೇ ಕಾಣುತ್ತದೆ. ತೇಜು, ಸಾದು, ಗ್ವಾದಿಯಾನಾ ಎಂಬ ಮೂರು ನದಿಗಳ ಕಣಿವೆಗಳು ಈ ಭಾಗದಲ್ಲೇ ಬೇರೆಯಾಗುತ್ತವೆ. ಎತ್ತರದಲ್ಲಿರುವ ಊರು, ಪಕ್ಕದಲ್ಲಿ ದೊಡ್ಡ ನದಿ ಇಲ್ಲ. ಹಾಗಾಗಿ ಈ ಊರಿನ ಇತಿಹಾಸದಲ್ಲಿ ನೀರಿನ ಮಾತು ಮತ್ತೆ ಮತ್ತೆ ಬರುತ್ತದೆ.

ಇಲ್ಲಿ ಪುರಸಭೆ ಅಂದರೆ ಊರೊಂದೇನಾ, ಹಳ್ಳಿಗಳೂ ಸೇರಿದ್ದಾ?

ಹಳ್ಳಿಗಳೂ ಸೇರಿದ್ದು. ಇಲ್ಲಿ ನಮ್ಮವರಿಗೆ ಗೊಂದಲ ಜಾಸ್ತಿ. ನಮ್ಮಲ್ಲಿ ಪುರಸಭೆ ಅಂದರೆ ಪಟ್ಟಣದ ಎಲ್ಲೆಯೊಳಗಿನದ್ದು ಮಾತ್ರ. ಪೋರ್ಚುಗಲ್‌ನಲ್ಲಿ ಹಾಗಲ್ಲ. ಇಡೀ ದೇಶ 308 ಪುರಸಭೆಗಳಾಗಿ ಹಂಚಿಹೋಗಿದೆ. ಯಾವ ಹೊಲವೂ ಯಾವ ಕಾಡೂ ಇದರಿಂದ ಹೊರಗಿಲ್ಲ. ವಿಸ್ತಾರದಲ್ಲಿ ನಮ್ಮ ತಾಲೂಕಿಗೆ ಹತ್ತಿರ, ಅಧಿಕಾರದಲ್ಲಿ ನಗರಸಭೆಗೆ ಹತ್ತಿರ ಅಂದುಕೊಳ್ಳಿ.

ಎವೊರಾ ಪುರಸಭೆಯ ವಿಸ್ತೀರ್ಣ ಸುಮಾರು 1,307 ಚದರ ಕಿ.ಮೀ. ಪೋರ್ಚುಗಲ್ ಲೆಕ್ಕದಲ್ಲಿ ಇದು ದೊಡ್ಡ ಪುರಸಭೆ. ಇದರಲ್ಲಿ ಕೋಟೆಯೊಳಗಿನ ಹಳೆಯ ಊರು ಹೆಚ್ಚುಕಮ್ಮಿ 1 ಚದರ ಕಿ.ಮೀ. ಮಾತ್ರ! ಉಳಿದದ್ದು ಹೊಸ ಬಡಾವಣೆಗಳು, ಹೊಲ, ಆಲಿವ್ ತೋಟ, ದ್ರಾಕ್ಷಿ ತೋಟ, ಮರಗಳ ಹುಲ್ಲುಗಾವಲು ಮತ್ತು ಚಿಕ್ಕ ಚಿಕ್ಕ ಹಳ್ಳಿಗಳು. ಗ್ವಾದಲೂಪೆ, ವಾಲ್ವೆರ್ದೆ, ಅಜರೂಜಾ, ಸಾಂವ್ ಮಾನ್ಸುಸ್, ತೋರೆ ದೆ ಕುಯಲೈರುಸ್, ಗ್ರಾಸಾ ದು ದಿವೋರ್, ಹೀಗೆ. ಎವೊರಾ ಎಂಬುದು ಜಿಲ್ಲೆಯ ಹೆಸರೂ ಹೌದು. ಜಿಲ್ಲಾ ಕೇಂದ್ರ ಇದೇ ನಗರ.

ಆಡಳಿತ ಯಾರ ಕೈಯಲ್ಲಿರುತ್ತದೆ?

ಪುರಸಭೆಯ ಆಡಳಿತ ಮಂಡಳಿಗೆ 'ಕಾಮರಾ ಮುನಿಸಿಪಾಲ್' ಎನ್ನುತ್ತಾರೆ. ಅದಕ್ಕೊಬ್ಬ ಅಧ್ಯಕ್ಷ, ಜೊತೆಗೆ ಸದಸ್ಯರು. ಇದರ ಮೇಲೆ ಕಣ್ಣಿಡಲು ಪುರಸಭಾ ಅಸೆಂಬ್ಲಿ ಎಂಬ ಬೇರೆ ಸಭೆ ಇದೆ. ಇವುಗಳ ಕೆಳಗೆ 'ಫ್ರೆಗೆಜಿಯಾ'ಗಳು. ನಮ್ಮ ಗ್ರಾಮ ಪಂಚಾಯಿತಿಯಂಥವು. ಹಳ್ಳಿಯ ರಸ್ತೆ, ಸ್ಮಶಾನ, ಸಣ್ಣಪುಟ್ಟ ದೃಢೀಕರಣ ಪತ್ರಗಳ ಕೆಲಸ ಅಲ್ಲಿ ಆಗುತ್ತದೆ. ಮೂರಕ್ಕೂ ನಾಲ್ಕು ವರ್ಷಕ್ಕೊಮ್ಮೆ ಒಂದೇ ದಿನ ಚುನಾವಣೆ ನಡೆಯುತ್ತದೆ.

ನನಗೆ ಬಹಳ ಹಿಡಿಸಿದ ಒಂದು ಪದ್ಧತಿ ಇದೆ. ಆಡಳಿತ ಮಂಡಳಿಯ ಸೀಟುಗಳು ಪಕ್ಷಗಳಿಗೆ ಬಿದ್ದ ಮತಗಳ ಪ್ರಮಾಣದಲ್ಲಿ ಹಂಚಿಕೆಯಾಗುತ್ತವೆ. ಅಂದರೆ ಸೋತ ಪಕ್ಷದವರೂ ಅಧ್ಯಕ್ಷರ ಎದುರಿಗೇ ಅದೇ ಮೇಜಿನ ಸುತ್ತ ಕೂರುತ್ತಾರೆ. ಹೆಚ್ಚು ಮತ ಪಡೆದ ಪಟ್ಟಿಯಲ್ಲಿ ಮೊದಲ ಹೆಸರಿದ್ದವರು ಅಧ್ಯಕ್ಷರಾಗುತ್ತಾರೆ. ಸತತ ಮೂರು ಅವಧಿಗಿಂತ ಹೆಚ್ಚು ಒಬ್ಬರೇ ಅಧ್ಯಕ್ಷರಾಗಿ ಇರುವಂತಿಲ್ಲ.

ಸರ್ವಾಧಿಕಾರವನ್ನು ಕೊನೆಗಾಣಿಸಿದ 1974ರ ಕ್ರಾಂತಿಯ ನಂತರ ಮೊದಲ ಸ್ಥಳೀಯ ಚುನಾವಣೆ ನಡೆದದ್ದು 1976ರಲ್ಲಿ. ಆಗಿನಿಂದ 2001ರವರೆಗೆ ಎವೊರಾ ಕಮ್ಯುನಿಸ್ಟರ ಮುಂದಾಳತ್ವದ ಕೂಟದ ಕೈಯಲ್ಲಿತ್ತು. ಅಲೆಂತೇಜು ಎಂದರೆ ದೊಡ್ಡ ಜಮೀನ್ದಾರರು ಮತ್ತು ದಿನಗೂಲಿ ರೈತ ಕಾರ್ಮಿಕರ ನಾಡು. ಕ್ರಾಂತಿ ಆದ ಮೇಲೆ ಕೂಲಿಕಾರರು ಜಮೀನು ಹಿಡಿದು ಸಹಕಾರಿ ಬೇಸಾಯ ಶುರುಮಾಡಿದ್ದು ಇಲ್ಲೇ. ಮತಪೆಟ್ಟಿಗೆಯ ಲೆಕ್ಕ ಅರ್ಥವಾಗಬೇಕಾದರೆ ಈ ಜಮೀನಿನ ಕಥೆ ಗೊತ್ತಿರಬೇಕು.

ಜನಸಂಖ್ಯೆ ಎಷ್ಟು? ಕಡಿಮೆ ಆಗುತ್ತಿದೆ ಅಂತಾರಲ್ಲ?

ಹೌದು, ಕಡಿಮೆ ಆಗುತ್ತಿದೆ. 2011ರ ಜನಗಣತಿಯಲ್ಲಿ 56,596 ಜನ ಇದ್ದರು. 2021ರಲ್ಲಿ 53 ಸಾವಿರ ಚಿಲ್ಲರೆ. ಒಂದು ಚದರ ಕಿ.ಮೀ.ಗೆ ಸುಮಾರು 41 ಜನ. ಅದರಲ್ಲೂ ಬಹುತೇಕರು ನಗರದಲ್ಲೇ ಇರುವುದರಿಂದ ಹಳ್ಳಿಗಳು ಇನ್ನೂ ಖಾಲಿ ಖಾಲಿ.

ಇದಕ್ಕಿಂತ ಬೇಸರದ ಸಂಗತಿ ಕೋಟೆಯೊಳಗಿನದ್ದು. ಒಂದು ಕಾಲಕ್ಕೆ ಆ ಗೋಡೆಗಳೊಳಗೆ ಹದಿನೈದು ಸಾವಿರಕ್ಕೂ ಹೆಚ್ಚು ಜನ ಇದ್ದರು. ಈಗ 5 ಸಾವಿರವೂ ಇಲ್ಲ. ಹಳೆಯ ಮನೆಗಳ ರಿಪೇರಿ ದುಬಾರಿ, ಕಾರು ನಿಲ್ಲಿಸಲು ಜಾಗ ಇಲ್ಲ, ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟರೆ ಲಾಭ ಜಾಸ್ತಿ. ಹೀಗಾಗಿ ಕುಟುಂಬಗಳು ಹೊರಗಿನ ಬಡಾವಣೆಗಳಿಗೆ ಹೋದವು. ಜಗತ್ತೇ ನೋಡಲು ಬರುವ ಬೀದಿಯಲ್ಲಿ ಸಂಜೆಯಾದ ಮೇಲೆ ದೀಪ ಇಲ್ಲದ ಕಿಟಕಿಗಳೇ ಹೆಚ್ಚು. ಪಾರಂಪರಿಕ ಪಟ್ಟ ಕಟ್ಟಡಗಳನ್ನು ಉಳಿಸುತ್ತದೆ, ಆದರೆ ಮನೆಯಲ್ಲಿ ಒಲೆ ಹೊತ್ತಿಸುವವರನ್ನು ಉಳಿಸಲು ಬೇರೆಯೇ ಕೆಲಸ ಆಗಬೇಕು.

ಈ ಊರು ಎಷ್ಟು ಹಳೆಯದು?

ರೋಮನ್ನರ ಕಾಲಕ್ಕೇ ಇದು ಪಟ್ಟಣ. ಆಗ ಇದರ ಹೆಸರು ಎಬೊರಾ ಲಿಬೆರಾಲಿತಾಸ್ ಯೂಲಿಯಾ. 8ನೇ ಶತಮಾನದಲ್ಲಿ ಮುಸ್ಲಿಂ ಅರಸರ ಕೈಗೆ ಬಂತು, ಯಾಬುರಾ ಆಯಿತು. 1165ರ ಸುಮಾರಿಗೆ ಗಿರಾಲ್ದು ಎಂಬ ಧೈರ್ಯಶಾಲಿ ರಾತ್ರೋರಾತ್ರಿ ಊರನ್ನು ಹಿಡಿದು ಪೋರ್ಚುಗಲ್‌ನ ಮೊದಲ ರಾಜ ಅಫೊನ್ಸೊ ಎನ್ರಿಕೆಸ್‌ಗೆ ಒಪ್ಪಿಸಿದ. ಊರಿನ ಮುಖ್ಯ ಚೌಕಕ್ಕೆ ಅವನದೇ ಹೆಸರು. ಪುರಸಭೆಯ ಲಾಂಛನದಲ್ಲೂ ಕುದುರೆ ಏರಿದ ಅವನೇ ಇದ್ದಾನೆ. ಕ್ಯಾಥೆಡ್ರಲ್ ಕಟ್ಟಲು ಶುರುಮಾಡಿದ್ದು 1186ರಲ್ಲಿ. ಕೋಟೆಯಂತೆ ಕಾಣುವ ಆ ಗ್ರಾನೈಟ್ ಕಟ್ಟಡದ ಛಾವಣಿ ಮೇಲೆ ಹತ್ತಲು ಬಿಡುತ್ತಾರೆ, ತಪ್ಪಿಸಬೇಡಿ.

15 ಮತ್ತು 16ನೇ ಶತಮಾನ ಎವೊರಾದ ಒಳ್ಳೆಯ ಕಾಲ. ರಾಜರು ತಿಂಗಳುಗಟ್ಟಲೆ ಇಲ್ಲೇ ಇರುತ್ತಿದ್ದರು. ಇಂದು ಕಾಣುವ ಅರಮನೆ, ಮಠ, ಕಾರಂಜಿಗಳಲ್ಲಿ ಬಹಳಷ್ಟು ಆಗಿನವು.

'ಡಯಾನಾ ದೇವಸ್ಥಾನ' ನಿಜವಾಗಿಯೂ ಡಯಾನಾ ದೇವತೆಯದ್ದಾ?

ಅಲ್ಲ. ಆ ಹೆಸರು 17ನೇ ಶತಮಾನದಲ್ಲಿ ಹುಟ್ಟಿದ ಕಥೆಯಿಂದ ಬಂದದ್ದು. ಕ್ರಿ.ಶ. 1ನೇ ಶತಮಾನದ ಈ ಗುಡಿ ರೋಮನ್ ಚಕ್ರವರ್ತಿಗಳ ಆರಾಧನೆಗೆ ಕಟ್ಟಿದ್ದಿರಬೇಕು ಎಂದು ಪಂಡಿತರು ಹೇಳುತ್ತಾರೆ. ಹದಿನಾಲ್ಕು ಕಂಬಗಳು ಇನ್ನೂ ನಿಂತಿವೆ. ಹತ್ತಿರ ಹೋಗಿ ನೋಡಿ. ಕಂಬದ ಮೈ ಇಲ್ಲಿನದೇ ಒರಟು ಗ್ರಾನೈಟ್. ಮೇಲಿನ ಎಲೆ ಕೆತ್ತನೆಯ ಬೋದಿಗೆ ಮಾತ್ರ ಬಿಳಿ ಅಮೃತಶಿಲೆ, ಪಕ್ಕದ ಎಸ್ತ್ರೆಮೋಸ್‌ನಿಂದ ತಂದದ್ದು. ಗ್ರಾನೈಟಿನಲ್ಲಿ ಅಷ್ಟು ನಾಜೂಕು ಕೆತ್ತನೆ ಕಷ್ಟ, ಅದಕ್ಕೆ ಈ ಹಂಚಿಕೆ.

ಗುಡಿ ಉಳಿದದ್ದು ಹೇಗೆ ಗೊತ್ತಾ? ಮಧ್ಯಯುಗದಲ್ಲಿ ಕಂಬಗಳ ನಡುವೆ ಗೋಡೆ ಎಬ್ಬಿಸಿಬಿಟ್ಟರು. 1836ರವರೆಗೂ ಅದು ಊರಿನ ಮಾಂಸದಂಗಡಿಯಾಗಿತ್ತು. ಬಳಕೆಯಲ್ಲಿದ್ದ ಕಟ್ಟಡ ಅಂತ ಯಾರೂ ಕಲ್ಲು ಕಿತ್ತುಕೊಂಡು ಹೋಗಲಿಲ್ಲ. 1870ರ ದಶಕದಲ್ಲಿ ಆ ಗೋಡೆಗಳನ್ನು ತೆಗೆದಾಗ ಒಳಗಿನ ಕಂಬಗಳು ಹೊರಗೆ ಕಂಡವು.

ಪುರಸಭೆ ಕಚೇರಿಯೊಳಗೆ ರೋಮನ್ ಸ್ನಾನಗೃಹ ಇದೆಯಂತೆ, ನಿಜವೇ?

ನಿಜ. 1987ರಲ್ಲಿ ಕಚೇರಿ ಕಟ್ಟಡದೊಳಗೇ ಸಿಕ್ಕಿತು. ಸುಮಾರು 9 ಮೀಟರ್ ಅಗಲದ ದುಂಡನೆಯ ಕೋಣೆ, ನಡುವೆ ಕೊಳ. ಬೆವರು ಸುರಿಸಿ ಹಬೆಯಲ್ಲಿ ಕೂರುವ ಜಾಗ ಅದು. ತೆರಿಗೆ ಕಟ್ಟಲು, ಅರ್ಜಿ ಕೊಡಲು ಬಂದವರು ಹಾಗೇ ಒಳಗೆ ಇಣುಕಿ ನೋಡಬಹುದು. ಕಚೇರಿ ತೆರೆದಿರುವ ಹೊತ್ತಿನಲ್ಲಿ ಹೋಗಿ.

ಯುನೆಸ್ಕೊ ಪಟ್ಟಿಗೆ ಯಾಕೆ ಸೇರಿಸಿದರು?

1986ರಲ್ಲಿ ಸೇರಿಸಿದರು. ಒಂದೆರಡು ಕಟ್ಟಡಗಳಿಗಾಗಿ ಅಲ್ಲ, ಇಡೀ ಹಳೆಯ ಊರಿಗೆ ಸಿಕ್ಕ ಮಾನ್ಯತೆ ಇದು. ಸುಣ್ಣ ಬಳಿದ ಬಿಳಿ ಮನೆಗಳು, ಬಾಗಿಲು ಕಿಟಕಿಗಳ ಸುತ್ತ ಹಳದಿ ಪಟ್ಟೆ, ಕಬ್ಬಿಣದ ಕಂಬಿಯ ಬಾಲ್ಕನಿ, ಬಣ್ಣದ ಹೆಂಚು ಚಿತ್ರಗಳು. 1755ರ ಭೂಕಂಪದಲ್ಲಿ ಲಿಸ್ಬನ್ ನೆಲಸಮವಾಯಿತು. ಅದಕ್ಕೆ ಮುಂಚಿನ ಪೋರ್ಚುಗೀಸ್ ಊರು ಹೇಗಿತ್ತು ಅಂತ ನೋಡಬೇಕಾದರೆ ಎವೊರಾಕ್ಕೇ ಬರಬೇಕು. ಬ್ರೆಜಿಲ್‌ನಲ್ಲಿ ಪೋರ್ಚುಗೀಸರು ಕಟ್ಟಿದ ಊರುಗಳಲ್ಲೂ ಇಲ್ಲಿನ ಛಾಯೆ ಇದೆ.

ಎಲುಬಿನ ಪ್ರಾರ್ಥನಾ ಮಂದಿರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಸಾಂವ್ ಫ್ರಾನ್ಸಿಸ್ಕು ಚರ್ಚಿಗೆ ಸೇರಿದ ಈ ಮಂದಿರದ ಗೋಡೆ, ಕಂಬಗಳಿಗೆಲ್ಲ ಮನುಷ್ಯರ ಎಲುಬು ಮತ್ತು ತಲೆಬುರುಡೆ ಜೋಡಿಸಿದ್ದಾರೆ. ಸುಮಾರು 5 ಸಾವಿರ ಜನರವು ಎನ್ನುತ್ತಾರೆ. ಊರಿನ ಸ್ಮಶಾನಗಳು ತುಂಬಿಹೋದಾಗ ಫ್ರಾನ್ಸಿಸ್ಕನ್ ಸನ್ಯಾಸಿಗಳು ಆ ಎಲುಬುಗಳನ್ನು ಬಿಸಾಡದೆ ಇಲ್ಲಿ ತಂದಿಟ್ಟರು. ಬಾಗಿಲ ಮೇಲೆ ಒಂದು ಸಾಲು ಬರೆದಿದೆ: "ಇಲ್ಲಿರುವ ಎಲುಬುಗಳಾದ ನಾವು ನಿಮ್ಮವಕ್ಕಾಗಿ ಕಾಯುತ್ತಿದ್ದೇವೆ."

ಚಿಕ್ಕ ಮಕ್ಕಳು ಹೆದರಬಹುದು. ಹತ್ತು ಹನ್ನೆರಡು ವರ್ಷ ದಾಟಿದವರಿಗೆ ಮೊದಲೇ ವಿಷಯ ಹೇಳಿ ಕರೆದುಕೊಂಡು ಹೋದರೆ ತೊಂದರೆ ಇಲ್ಲ. ಅದು ಪ್ರಾರ್ಥನೆಯ ಜಾಗ, ಅಲ್ಲಿರುವವರು ಒಂದು ಕಾಲಕ್ಕೆ ಈ ಊರಿನವರೇ. ಸೆಲ್ಫಿಗೆ ನಗುತ್ತ ನಿಲ್ಲುವವರನ್ನು ನೋಡಿದರೆ ಮನಸ್ಸಿಗೆ ಕಸಿವಿಸಿ ಆಗುತ್ತದೆ.

ನದಿ ಇಲ್ಲದ ಊರಿಗೆ ನೀರು ಎಲ್ಲಿಂದ ಬಂತು?

ಎವೊರಾದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ವಿಷಯ ಇದು.

ಮೊದಲು ಬಾವಿ, ತೊಟ್ಟಿಗಳೇ ಗತಿ. ರಾಜ ಮೂರನೇ ಜುವಾಂವ್ ಕಾಲದಲ್ಲಿ, 1531ರಿಂದ 1537ರ ನಡುವೆ, ಊರಿನ ವಾಯವ್ಯಕ್ಕಿರುವ ಗ್ರಾಸಾ ದು ದಿವೋರ್ ಹಳ್ಳಿಯ ಒರತೆಗಳಿಂದ ನೀರು ತರಲು ಕಾಲುವೆ ಕಟ್ಟಿದರು. ಉದ್ದ ಸುಮಾರು 18 ಕಿ.ಮೀ. ಹೆಸರು ಆಗ್ವ ದ ಪ್ರಾತಾ, ಬೆಳ್ಳಿಯ ನೀರು. ಕಟ್ಟಿಸಿದ ಶಿಲ್ಪಿ ಫ್ರಾನ್ಸಿಸ್ಕು ದ ಅರೂಡಾ. ಲಿಸ್ಬನ್‌ನ ಬೆಲೇಂ ಗೋಪುರವೂ ಅವನದೇ ಕೆಲಸ.

ಪಂಪ್ ಇಲ್ಲ, ಯಂತ್ರ ಇಲ್ಲ. ಇಳಿಜಾರಿನ ಲೆಕ್ಕದಲ್ಲೇ ನೀರು ಹರಿದು ಬರಬೇಕು. ನೆಲ ಎತ್ತರ ಇದ್ದಲ್ಲಿ ಕಾಲುವೆ ಭೂಮಿಯೊಳಗೆ, ನೆಲ ತಗ್ಗಿದಲ್ಲಿ ಕಮಾನುಗಳ ಮೇಲೆ. ಊರು ಹತ್ತಿರವಾದಂತೆ ಕಮಾನುಗಳು ದೊಡ್ಡದಾಗುತ್ತ ಹೋಗುತ್ತವೆ. ಕೋಟೆ ದಾಟಿ ಒಳಗೆ ಬಂದ ಮೇಲೆ ನೆಲ ಏರುತ್ತದೆ, ಕಮಾನು ಮತ್ತೆ ಗಿಡ್ಡವಾಗುತ್ತದೆ. ರುವಾ ದು ಕಾನು ಎಂಬ ಬೀದಿಗೆ ಹೋಗಿ ನೋಡಿ. ಆ ಕಮಾನುಗಳ ಸಂದಿಯಲ್ಲೇ ಜನ ಮನೆ ಕಟ್ಟಿಕೊಂಡಿದ್ದಾರೆ. ಎರಡು ಗ್ರಾನೈಟ್ ಕಂಬಗಳ ನಡುವೆ ಒಂದು ಬಾಗಿಲು, ಒಂದು ಕಿಟಕಿ, ಕಿಟಕಿಯಲ್ಲಿ ಒಣಹಾಕಿದ ಬಟ್ಟೆ. ತಲೆಯ ಮೇಲೆ ರಾಜನ ಕಾಲುವೆ. ಆಮೇಲೆ ಕಮಾನು ಇನ್ನೂ ತಗ್ಗಿ, ಕೊನೆಗೆ ಗೋಡೆಯೊಳಗೆ ಸೇರಿಹೋಗುತ್ತದೆ.

ಹೀಗೆ ಬಂದ ನೀರು ಊರಿನ ಕಾರಂಜಿಗಳಿಗೆ ಹಂಚಿಕೆಯಾಗುತ್ತಿತ್ತು. ಗಿರಾಲ್ದು ಚೌಕದ ಅಮೃತಶಿಲೆಯ ಕಾರಂಜಿ 1571ರದ್ದು. ಅದಕ್ಕೆ ಎಂಟು ನೀರಿನ ಬಾಯಿ. ಆ ಚೌಕಕ್ಕೆ ಬಂದು ಸೇರುವ ಬೀದಿಗಳೂ ಎಂಟು.

ಈಗ ನಗರಕ್ಕೆ ಕುಡಿಯುವ ನೀರು ಮುಖ್ಯವಾಗಿ ದೆಜೆಬೆ ನದಿಗೆ ಕಟ್ಟಿದ ಮೊಂತೆ ನೊವು ಜಲಾಶಯದಿಂದ ಬರುತ್ತದೆ. ಆಗ್ನೇಯಕ್ಕೆ ಗ್ವಾದಿಯಾನಾ ನದಿಯ ಮೇಲೆ ದೊಡ್ಡ ಅಲ್ಕೇವಾ ಅಣೆಕಟ್ಟು ಇದೆ. 2002ರಲ್ಲಿ ಅದರ ಬಾಗಿಲು ಮುಚ್ಚಿ ನೀರು ನಿಲ್ಲಿಸಿದರು. ಅದರ ನೀರನ್ನು ಕಾಲುವೆಯಲ್ಲಿ ತಂದು ಮೊಂತೆ ನೊವುಗೂ ತುಂಬಿಸುವ ವ್ಯವಸ್ಥೆ ಇದೆ. ಬರ ಬಿದ್ದ ವರ್ಷಗಳಲ್ಲಿ ಇದೇ ಆಸರೆ.

ಹಳೆಯ ಕಾಲುವೆಯ ಪಕ್ಕದಲ್ಲಿ ನಡೆದು ಹೋಗಲು ದಾರಿ ಮಾಡಿದ್ದಾರೆ. ಬೇಸಿಗೆ ಅಲ್ಲದಿದ್ದರೆ ಬೆಳಿಗ್ಗೆ ಹೊರಡಿ.

ಮಲಗೈರಾ ಬಡಾವಣೆಯನ್ನು ನೋಡಲು ಹೊರಗಿನವರು ಯಾಕೆ ಬರುತ್ತಾರೆ?

ಈ ಕಾಲುವೆ ನೋಡಿದವರಿಗೆ ಆ ಬಡಾವಣೆ ಚೆನ್ನಾಗಿ ಅರ್ಥವಾಗುತ್ತದೆ. ಕ್ರಾಂತಿಯ ನಂತರ ಬಡವರಿಗೆ ಮನೆ ಬೇಕಿತ್ತು. 1977ರಲ್ಲಿ ಪುರಸಭೆ ಆಲ್ವಾರು ಸೀಜಾ ಎಂಬ ವಾಸ್ತುಶಿಲ್ಪಿಯನ್ನು ಕರೆಸಿತು. ಕೋಟೆಯ ಪಶ್ಚಿಮಕ್ಕೆ ಸುಮಾರು 1,200 ಮನೆಗಳು. ಬಹುಮಹಡಿ ಕಟ್ಟಡ ಬೇಡವೆಂದ ಅವರು ಬಿಳಿ ಬಣ್ಣದ ಪುಟ್ಟ ಮನೆ, ಪ್ರತಿ ಮನೆಗೂ ಒಂದು ಅಂಗಳ ಇಟ್ಟರು. ಕುಟುಂಬ ಬೆಳೆದಂತೆ ಕೋಣೆ ಸೇರಿಸಿಕೊಳ್ಳಲು ಅವಕಾಶ ಬಿಟ್ಟರು. ನೀರು, ವಿದ್ಯುತ್, ದೂರವಾಣಿ ತಂತಿಗಳನ್ನು ನೆಲದಡಿ ಹೂಳದೆ, ಮನೆಗಳ ಮೇಲಿಂದ ಹಾದುಹೋಗುವ ಕಾಂಕ್ರೀಟ್ ಕಾಲುವೆಯಲ್ಲಿ ಸಾಗಿಸಿದರು. 16ನೇ ಶತಮಾನದ ಕಾಲುವೆಯ ಮೊಮ್ಮಗು ಅದು. ಸೀಜಾಗೆ 1992ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಆ ಕಾಂಕ್ರೀಟು ಕೆಲವೆಡೆ ಸವೆದಿದೆ, ರಿಪೇರಿ ಬೇಡುತ್ತಿದೆ. ಆದರೂ ಬಡವರ ಮನೆಗೆ ಇಷ್ಟು ಯೋಚನೆ ಹಾಕಿದ ಜಾಗಗಳು ಎಷ್ಟಿವೆ ಹೇಳಿ.

ಅಲ್ಲಿ ಜನ ವಾಸವಾಗಿದ್ದಾರೆ ಅನ್ನುವುದು ನೆನಪಿರಲಿ. ಅಂಗಳಕ್ಕೆ ಇಣುಕಿ ಫೋಟೊ ತೆಗೆಯಬೇಡಿ.

ಆಲ್ಮೆಂದ್ರೆಸ್ ಕಲ್ಲುಗಳು ಅಂದರೆ ಏನು? ಹೋಗುವುದು ಹೇಗೆ?

ನಗರದಿಂದ ಪಶ್ಚಿಮಕ್ಕೆ ಸುಮಾರು 15 ಕಿ.ಮೀ. ದೂರದಲ್ಲಿ, ಗ್ವಾದಲೂಪೆ ಹಳ್ಳಿ ದಾಟಿದ ಮೇಲೆ ಮಣ್ಣಿನ ರಸ್ತೆ ಸಿಗುತ್ತದೆ. ಕಾರ್ಕ್ ಮರಗಳ ನಡುವೆ ಒಂದು ಇಳಿಜಾರು. ಅಲ್ಲಿ 95ರಷ್ಟು ದುಂಡನೆಯ ಗ್ರಾನೈಟ್ ಕಲ್ಲುಗಳು ಉದ್ದುದ್ದ ವೃತ್ತದಲ್ಲಿ ನಿಂತಿವೆ. ಕೆಲವು ಮೊಣಕಾಲೆತ್ತರ, ಕೆಲವು ಆಳಿಗಿಂತ ಎತ್ತರ. ನಿಲ್ಲಿಸಲು ಶುರುಮಾಡಿದ್ದು ಕ್ರಿ.ಪೂ. 6ನೇ ಸಹಸ್ರಮಾನದಲ್ಲಿ. ಇಂಗ್ಲೆಂಡಿನ ಸ್ಟೋನ್‌ಹೆಂಜ್‌ಗಿಂತ ಬಹಳ ಹಿಂದೆ. ಅಷ್ಟಾದರೂ ಹೊರಜಗತ್ತಿಗೆ ಇದು ಗೊತ್ತಾದದ್ದು 1960ರ ದಶಕದಲ್ಲಿ, ಎನ್ರಿಕ್ ಲಿಯೊನೋರ್ ಪೀನಾ ಎಂಬ ಸಂಶೋಧಕರಿಂದ.

ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಕೆಲವು ಕಲ್ಲುಗಳ ಮೇಲಿನ ಕೆತ್ತನೆ ಕಣ್ಣಿಗೆ ಬೀಳುತ್ತದೆ. ಪುಟ್ಟ ವೃತ್ತಗಳು, ಕುರಿಗಾಹಿಯ ಕೋಲಿನಂಥ ಗೆರೆಗಳು. ನಡು ಮಧ್ಯಾಹ್ನ ಅವು ಮಾಯ. ಟಿಕೆಟ್ ಇಲ್ಲ. ಜಾಗ ಖಾಸಗಿ ಎಸ್ಟೇಟಿನೊಳಗಿದೆ, ದನಕರು ಮೇಯುತ್ತಿರುತ್ತವೆ. ಹತ್ತಬೇಡಿ, ಕಲ್ಲಿಗೆ ಒರಗಿ ಕೂರಬೇಡಿ. ಬಸ್ಸು ಇಲ್ಲಿಯವರೆಗೆ ಬರುವುದಿಲ್ಲ, ಕಾರು ಅಥವಾ ಸೈಕಲ್ ಬೇಕು.

ದಾರಿಯಲ್ಲೇ ಒಂಟಿಯಾಗಿ ನಿಂತ ಇನ್ನೊಂದು ಎತ್ತರದ ಕಲ್ಲಿದೆ. ವಾಲ್ವೆರ್ದೆ ಹಳ್ಳಿಯ ಹತ್ತಿರ ಜಂಬುಜೈರು ಎಂಬ ಭಾರೀ ಕಲ್ಲುಮನೆ ಸಮಾಧಿ ಇದೆ. ಅದರ ಚಪ್ಪಡಿಗಳು ಒಂದೊಂದೂ ಆರು ಮೀಟರಿನಷ್ಟು ಎತ್ತರ. ಮೇಲೆ ತಗಡಿನ ಮಾಡು ಹಾಕಿದ್ದಾರೆ. ಇಂಥ ಸಂಪತ್ತಿಗೆ ಇದಕ್ಕಿಂತ ಒಳ್ಳೆಯ ರಕ್ಷಣೆ ಸಿಗಬೇಕು ಅಂತ ನನ್ನ ಬಲವಾದ ಅನಿಸಿಕೆ.

ಮರಗಳ ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ಅಂಕಿ ಯಾಕೆ ಬರೆದಿರುತ್ತಾರೆ?

ಹಳ್ಳಿ ರಸ್ತೆಗಳಲ್ಲಿ ಹೋದವರೆಲ್ಲ ಕೇಳುವ ಪ್ರಶ್ನೆ. ಅವು ಕಾರ್ಕ್ ಓಕ್ ಮರಗಳು. ಬಾಟಲಿ ಬಿರಡೆ ಮಾಡುವುದು ಇವುಗಳ ತೊಗಟೆಯಿಂದಲೇ. ಮರ ಕಡಿಯುವುದಿಲ್ಲ, ತೊಗಟೆಯನ್ನಷ್ಟೇ ಬಿಡಿಸುತ್ತಾರೆ. ಒಮ್ಮೆ ತೆಗೆದರೆ ಮತ್ತೆ ತೆಗೆಯಲು ಒಂಬತ್ತು ವರ್ಷ ಕಾಯಬೇಕು. ಕಾಂಡದ ಮೇಲಿನ ಅಂಕಿ ತೊಗಟೆ ತೆಗೆದ ವರ್ಷದ ಕೊನೆಯ ಅಂಕಿ. 3 ಅಂತ ಇದ್ದರೆ 2023. ಮತ್ತೆ ಅದರ ಸರದಿ 2032ಕ್ಕೆ.

ಬೇಸಿಗೆಯಲ್ಲಿ ಈ ಕೆಲಸ ನಡೆಯುತ್ತದೆ, ಮೇ ತಿಂಗಳಿಂದ ಆಗಸ್ಟ್‌ವರೆಗೆ. ಆಗ ತೊಗಟೆ ಸುಲಭವಾಗಿ ಬಿಡುತ್ತದೆ. ಕೊಡಲಿಯಿಂದ ಉದ್ದಕ್ಕೆ ಸೀಳುತ್ತಾರೆ, ಆಮೇಲೆ ಹಿಡಿಯ ತುದಿ ತೂರಿಸಿ ಮೀಟುತ್ತಾರೆ. ಏಟು ಸ್ವಲ್ಪ ಆಳವಾದರೂ ಒಳಗಿನ ಜೀವಪದರಕ್ಕೆ ಗಾಯ, ಮರ ಕೊರಗುತ್ತದೆ. ಅದಕ್ಕೇ ಪಳಗಿದ ಕೈಗಳಿಗೆ ಮಾತ್ರ ಈ ಕೆಲಸ, ಕೂಲಿಯೂ ಬೇಸಾಯದ ಬೇರೆ ಕೆಲಸಗಳಿಗಿಂತ ಜಾಸ್ತಿ. ಹೊಸದಾಗಿ ಸುಲಿದ ಕಾಂಡ ಮೊದಲು ತಿಳಿ ಬಣ್ಣದ್ದು, ಆಮೇಲೆ ಕೆಂಪಾಗಿ, ವರ್ಷ ಕಳೆದಂತೆ ಕಪ್ಪಾಗುತ್ತದೆ.

ಗಿಡ ನೆಟ್ಟು 25 ವರ್ಷ ಆದ ಮೇಲೆ ಮೊದಲ ಸುಲಿತ. ಆದರೆ ಒಳ್ಳೆಯ ಬಿರಡೆಗೆ ಬೇಕಾದ ತೊಗಟೆ ಸಿಗುವುದು ಮೂರನೆಯ ಸಲ. ಅಷ್ಟರಲ್ಲಿ ಮರಕ್ಕೆ ನಲವತ್ತು ದಾಟಿರುತ್ತದೆ. ನೆಟ್ಟವರು ತಮಗಾಗಿ ನೆಟ್ಟದ್ದಲ್ಲ. ಜಗತ್ತಿನ ಕಾರ್ಕ್‌ನಲ್ಲಿ ಸುಮಾರು ಅರ್ಧ ಪೋರ್ಚುಗಲ್‌ನದ್ದು. ಈ ಪುರಸಭೆಯ ಅಜರೂಜಾ ಹಳ್ಳಿ ಹಳೆಯ ಕಾಲದಿಂದ ಕಾರ್ಕ್ ಕೆಲಸಕ್ಕೆ ಹೆಸರಾದದ್ದು. ಅನುಮತಿ ಇಲ್ಲದೆ ಈ ಮರ ಕಡಿಯುವುದು ಕಾನೂನು ಪ್ರಕಾರ ಅಪರಾಧ.

ಈ ಮರಗಳ ಕೆಳಗೆ ಕುರಿ, ದನ, ಕಪ್ಪು ಹಂದಿ ಮೇಯುತ್ತವೆ. ಹಂದಿಗಳಿಗೆ ಓಕ್ ಕಾಯಿಗಳೇ ಮೇವು. ಕಾಡೂ ಅಲ್ಲ, ತೋಟವೂ ಅಲ್ಲ. ಇಂಥ ಜಾಗಕ್ಕೆ ಅಲ್ಲಿ 'ಮೊಂತಾದು' ಎನ್ನುತ್ತಾರೆ.

ವಾಸ್ಕೋ ಡ ಗಾಮನಿಗೂ ಎವೊರಾಕ್ಕೂ ಏನು ಸಂಬಂಧ?

ಅವನು ಹುಟ್ಟಿದ್ದು ಇದೇ ಅಲೆಂತೇಜು ಪ್ರದೇಶದ ಕರಾವಳಿಯ ಸೀನೆಸ್‌ನಲ್ಲಿ. ಭಾರತ ಯಾತ್ರೆಗಳ ನಂತರ ಕೆಲವು ವರ್ಷ ಎವೊರಾದಲ್ಲಿ ನೆಲೆಸಿದ್ದ. ಅವನ ಹೆಸರಿನ ಬೀದಿ ಕ್ಯಾಥೆಡ್ರಲ್ ಹತ್ತಿರ ಇದೆ. 1519ರಲ್ಲಿ ಅವನಿಗೆ ವಿದಿಗೈರಾ ಕೌಂಟ್ ಎಂಬ ಬಿರುದು ಸಿಕ್ಕಿತು. ಆ ಊರೂ ಇಲ್ಲಿಂದ ದಕ್ಷಿಣಕ್ಕೆ ಹೆಚ್ಚು ದೂರವಿಲ್ಲ.

ಕನ್ನಡ ನಾಡಿನ ಕೊಂಡಿಯೂ ಇಲ್ಲೇ ಸಿಗುತ್ತದೆ. 1498ರಲ್ಲಿ ಕಲ್ಲಿಕೋಟೆಯಿಂದ ಹಿಂತಿರುಗುವಾಗ ಗಾಮ ಹಡಗುಗಳನ್ನು ರಿಪೇರಿ ಮಾಡಿಸಿದ್ದು ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ. 1505ರಲ್ಲಿ ಪೋರ್ಚುಗೀಸರು ಅಲ್ಲೇ ಕೋಟೆ ಕಟ್ಟಲು ಕೈಹಾಕಿದರು. ಕರಾವಳಿಯ ಜನಕ್ಕೆ ಇವರ ಬರವು ಏನೇನು ತಂದಿತು, ಎಷ್ಟು ನೋವು ಕೊಟ್ಟಿತು ಎಂಬುದು ನಮಗೆ ಗೊತ್ತೇ ಇದೆ. ಎವೊರಾದ ಅಂದಚಂದ ನೋಡುವಾಗ ಆ ಹೊತ್ತಿನ ಸಂಪತ್ತಿನಲ್ಲಿ ನಮ್ಮ ಕಡಲ ವ್ಯಾಪಾರದ ಪಾಲೂ ಇತ್ತು ಎಂಬುದನ್ನು ಮರೆಯಬಾರದು.

ಇಲ್ಲಿ ಇನ್‌ಕ್ವಿಸಿಷನ್ ನಡೆದದ್ದು ಹೌದಾ?

ಹೌದು. ಇನ್‌ಕ್ವಿಸಿಷನ್ ಅಂದರೆ ಕ್ರೈಸ್ತ ಧರ್ಮದ ದಾರಿ ತಪ್ಪಿದರೆಂದು ಜನರನ್ನು ವಿಚಾರಣೆ ಮಾಡಿ ಶಿಕ್ಷಿಸುತ್ತಿದ್ದ ಧಾರ್ಮಿಕ ನ್ಯಾಯಾಲಯ. 1536ರಲ್ಲಿ ಪೋರ್ಚುಗಲ್‌ನಲ್ಲಿ ಅದು ಶುರುವಾದದ್ದೇ ಎವೊರಾದಲ್ಲಿ. ರಹಸ್ಯವಾಗಿ ಯಹೂದಿ ಆಚರಣೆ ಉಳಿಸಿಕೊಂಡಿದ್ದಾರೆ ಎಂಬ ಆರೋಪದ ಮೇಲೆ ಸಾವಿರಾರು ಜನರನ್ನು ವಿಚಾರಣೆಗೆ ಎಳೆದರು. ಇದು ರದ್ದಾದದ್ದು 1821ರಲ್ಲಿ. ರೋಮನ್ ಗುಡಿಯ ಹತ್ತಿರ ಅದರ ಅರಮನೆ ಇನ್ನೂ ಇದೆ, ಈಗ ಅಲ್ಲಿ ಕಲಾ ಪ್ರದರ್ಶನಗಳು ನಡೆಯುತ್ತವೆ. ಗೋವಾದ ಇನ್‌ಕ್ವಿಸಿಷನ್ ಬಗ್ಗೆ ತಿಳಿದವರು ಅದರ ಬೇರು ಎಲ್ಲಿತ್ತು ಅಂತ ಇಲ್ಲಿ ನೋಡಬಹುದು.

ವಿಶ್ವವಿದ್ಯಾಲಯ ಹಳೆಯದಾ? ಒಳಗೆ ಬಿಡುತ್ತಾರಾ?

ಜೆಸ್ಯೂಟ್ ಪಾದ್ರಿಗಳು 1559ರಲ್ಲಿ ಶುರುಮಾಡಿದರು. ದೇಶದಲ್ಲಿ ಕೊಯಿಂಬ್ರಾ ನಂತರ ಎರಡನೆಯದು. 1759ರಲ್ಲಿ ಪೊಂಬಾಲ್ ಮಂತ್ರಿ ಜೆಸ್ಯೂಟರನ್ನು ಓಡಿಸಿದಾಗ ಮುಚ್ಚಿತು. ಮತ್ತೆ ಬಾಗಿಲು ತೆರೆದದ್ದು 1973ರಲ್ಲಿ, ಎರಡು ಶತಮಾನ ಕಳೆದ ಮೇಲೆ. ಈಗಲೂ ಹಳೆಯ ಕೋಣೆಗಳಲ್ಲಿ ಪಾಠ ನಡೆಯುತ್ತದೆ. ಪ್ರತಿ ಕೋಣೆಯ ಗೋಡೆಗೂ 18ನೇ ಶತಮಾನದ ನೀಲಿ ಹೆಂಚುಗಳು. ಯಾವ ಪಾಠಕ್ಕೆ ಯಾವ ಕೋಣೆಯೋ ಅದಕ್ಕೆ ತಕ್ಕ ಚಿತ್ರ. ಟಿಕೆಟ್ ಕೊಂಡು ಒಳಗೆ ಹೋಗಬಹುದು, ತರಗತಿ ನಡೆಯುತ್ತಿದ್ದರೆ ಆ ಕೋಣೆ ಬಿಟ್ಟುಬಿಡಿ.

ಜನ ಏನು ಕೆಲಸ ಮಾಡುತ್ತಾರೆ?

ಸರ್ಕಾರಿ ಕಚೇರಿ, ಆಸ್ಪತ್ರೆ, ವಿಶ್ವವಿದ್ಯಾಲಯ, ಪ್ರವಾಸೋದ್ಯಮ. ಹಳ್ಳಿಗಳ ಕಡೆ ವೈನ್, ಆಲಿವ್ ಎಣ್ಣೆ, ಕಾರ್ಕ್, ಜಾನುವಾರು. ಜೊತೆಗೆ ವಿಮಾನದ ಬಿಡಿಭಾಗಗಳ ಕಾರ್ಖಾನೆಗಳು. ಬ್ರೆಜಿಲ್‌ನ ಎಂಬ್ರೇಯರ್ 2012ರಲ್ಲಿ ಇಲ್ಲಿ ಎರಡು ಘಟಕ ತೆರೆಯಿತು, 2022ರಲ್ಲಿ ಅವು ಸ್ಪೇನ್‌ನ ಕಂಪನಿಯೊಂದರ ಪಾಲಾದವು.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ?

ಸಿಗುತ್ತದೆ, ಆದರೆ ಕೇಳಿ ತಿನ್ನಬೇಕು. ಅಲೆಂತೇಜು ಅಡುಗೆ ಬಡವರ ಅಡುಗೆ. ಹಳೆಯ ಬ್ರೆಡ್ಡು, ಬೆಳ್ಳುಳ್ಳಿ, ಆಲಿವ್ ಎಣ್ಣೆ ಇದರ ಬುನಾದಿ. ಮತ್ತೆ ಕೊತ್ತಂಬರಿ ಸೊಪ್ಪು! ಯೂರೋಪಿನಲ್ಲಿ ಇಷ್ಟು ಧಾರಾಳವಾಗಿ ಕೊತ್ತಂಬರಿ ಹಾಕುವ ಜಾಗ ಅಪರೂಪ. 'ಅಸೋರ್ದಾ' ಎಂಬ ತಿಂಡಿ ಹೀಗೆ ಮಾಡುತ್ತಾರೆ: ಬೆಳ್ಳುಳ್ಳಿ, ಕೊತ್ತಂಬರಿ, ಕಲ್ಲುಪ್ಪು ಜಜ್ಜಿ, ಎಣ್ಣೆ ಬಿಟ್ಟು, ಮೇಲೆ ಕುದಿಯುವ ನೀರು ಸುರಿಯುತ್ತಾರೆ. ಅದರಲ್ಲಿ ಬ್ರೆಡ್ ತುಂಡುಗಳನ್ನು ನೆನೆಸುತ್ತಾರೆ. ಘಮ ಮೂಗಿಗೆ ಬಡಿದ ತಕ್ಷಣ ನಮ್ಮವರಿಗೆ ಮನೆ ನೆನಪಾಗುತ್ತದೆ. ಮಾಮೂಲಿಯಾಗಿ ಮೊಟ್ಟೆ ಹಾಕುತ್ತಾರೆ, ಕೆಲವು ಕಡೆ ಒಣಮೀನು ಬೇಯಿಸಿದ ನೀರನ್ನೇ ಬಳಸುತ್ತಾರೆ. ಮೊದಲೇ ಕೇಳಿಕೊಳ್ಳಿ. ತರಕಾರಿ ಸೂಪಿನಲ್ಲೂ ಮಾಂಸದ ತುಂಡು ಇರಬಹುದು. ಕುರಿ ಹಾಲಿನ ಗಟ್ಟಿ ಚೀಸ್, ಆಲಿವ್, ಊರಿನ ಬ್ರೆಡ್ಡು ಎಲ್ಲ ಕಡೆ ಸಿಗುತ್ತದೆ. ಚೀಸ್ ತುಂಬಿದ ಪುಟ್ಟ ಸಿಹಿ ಕಡುಬು 'ಕೆಜಾದಾ' ತಿನ್ನದೆ ಬರಬೇಡಿ, ಆದರೆ ಅದರಲ್ಲಿ ಮೊಟ್ಟೆ ಇರುತ್ತದೆ.

ಯಾವಾಗ ಹೋಗಬೇಕು? ಎಷ್ಟು ದಿನ ಬೇಕು?

ಮಾರ್ಚ್ ಕೊನೆಯಿಂದ ಮೇವರೆಗೆ ಒಳ್ಳೆಯ ಕಾಲ. ಬಯಲೆಲ್ಲ ಹಸಿರು, ಕಾಡುಹೂವು. ಅಕ್ಟೋಬರ್ ಕೂಡ ಚೆನ್ನ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಮಧ್ಯಾಹ್ನ ಹೊರಗೆ ಕಾಲಿಡಲು ಆಗುವುದಿಲ್ಲ. ಜೂನ್ ಕೊನೆಯಲ್ಲಿ ಸಾಂವ್ ಜುವಾಂವ್ ಜಾತ್ರೆ ಇರುತ್ತದೆ. ಪುರಸಭೆಯ ರಜಾದಿನ ಜೂನ್ 29.

ಲಿಸ್ಬನ್‌ನಿಂದ ರೈಲಿನಲ್ಲಿ ಒಂದೂವರೆ ಗಂಟೆ. ಬಸ್ಸಿಗೂ ಹೆಚ್ಚುಕಮ್ಮಿ ಅಷ್ಟೇ, ಬಸ್ಸುಗಳು ಜಾಸ್ತಿ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಶೆಂಗೆನ್ ವೀಸಾ ಬೇಕು.

ಕನಿಷ್ಠ ಎರಡು ರಾತ್ರಿ ಉಳಿಯಿರಿ. ಮೊದಲ ದಿನ ಕೋಟೆಯೊಳಗೆ, ಎರಡನೆಯ ದಿನ ಪೂರ್ತಿ ಹಳ್ಳಿಗಳಿಗೆ. ಒಂದೇ ದಿನ ಇದೆ ಅಂದರೆ ಎಲುಬಿನ ಮಂದಿರದ ಸರತಿಯಲ್ಲಿ ನಿಲ್ಲುವ ಬದಲು ಬೆಳಿಗ್ಗೆಯೇ ಆಲ್ಮೆಂದ್ರೆಸ್‌ಗೆ ಹೋಗಿ ಬನ್ನಿ, ಮಧ್ಯಾಹ್ನ ರುವಾ ದು ಕಾನು ನೋಡಿ.

2027ರಲ್ಲಿ ಏನೋ ವಿಶೇಷ ಇದೆಯಂತಲ್ಲ?

ಇದೆ. 2027ಕ್ಕೆ ಯೂರೋಪಿನ ಸಾಂಸ್ಕೃತಿಕ ರಾಜಧಾನಿ ಎಂಬ ಗೌರವ ಎವೊರಾಕ್ಕೆ ಸಿಕ್ಕಿದೆ, ಲಾತ್ವಿಯಾದ ಲಿಯೆಪಾಯಾ ನಗರದ ಜೊತೆ. ಆ ವರ್ಷ ಜನಸಂದಣಿ ಜಾಸ್ತಿ ಇರುತ್ತದೆ, ಕೋಣೆಗಳನ್ನು ಮುಂಚೆಯೇ ಕಾದಿರಿಸಿ. ಅಲೆಂತೇಜು ಗಂಡಸರು ಹೆಂಗಸರು ಸಾಲಾಗಿ ನಿಂತು, ವಾದ್ಯಗಳಿಲ್ಲದೆ ಒಟ್ಟಿಗೆ ಹಾಡುವ 'ಕಾಂತೆ' ಎಂಬ ಹಾಡುಗಾರಿಕೆಗೆ 2014ರಲ್ಲಿ ಯುನೆಸ್ಕೊ ಮಾನ್ಯತೆ ಬಂದಿದೆ. ಎಲ್ಲಿ ಕೇಳಲು ಸಿಕ್ಕಿದರೂ ನಿಂತು ಕೇಳಿ. ಹಳ್ಳಿಯ ತಂಡವಾದರೆ ಇನ್ನೂ ಒಳ್ಳೆಯದು.